ಒಬ್ಬಳೇ ಕೂತರೆ ನಲವತ್ತೊಂಬತ್ತು

ಎಪ್ಪತ್ತು ಅಂತ ಹೇಳಿ ನಮಗೆ ಆ ಗಾಡಿ ಮಾರಿದವನನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಒಂದು ಸಲ ಚಾರ್ಜ್ ಮಾಡಿದರೆ ಎಪ್ಪತ್ತು ಕಿಲೋಮೀಟರು ಮೇಡಂ, ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಸದ್ದಿಲ್ಲ, ಹೊಗೆಯಿಲ್ಲ ಅಂತ ಒಂದೇ ಉಸಿರಿನಲ್ಲಿ ಒಪ್ಪಿಸಿದ. ನಾನು ಗಣಿತದ ಟೀಚರು. ಯಾರ ತೂಕಕ್ಕೆ ಎಪ್ಪತ್ತು, ಯಾವ ರಸ್ತೆಯಲ್ಲಿ ಎಪ್ಪತ್ತು, ಯಾವ ತಿಂಗಳಲ್ಲಿ ಎಪ್ಪತ್ತು ಅಂತ ಕೇಳಬೇಕಿತ್ತು. ಮಕ್ಕಳು ಘಟಕ ಬರೆಯದೆ ಉತ್ತರ ಬರೆದರೆ ಅರ್ಧ ಅಂಕ ಕತ್ತರಿಸುವವಳು ನಾನು. ಆದರೂ ಕೇಳಲಿಲ್ಲ. ಆಪಾ ಆಗಲೇ ಸೀಟಿನ ಮೇಲೆ ಕೂತು, ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು.

ಆಪಾ ಅಂದರೆ ಅಕ್ಕ. ಹುಟ್ಟಿನಿಂದ ಅವಳು ನನ್ನ ಅಕ್ಕ ಅಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಎರಡು ಕೋಣೆಯ ಒಂದು ಹಳೆಯ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಇಬ್ಬರೂ ಒಂಬತ್ತು ವರ್ಷ ಜೊತೆಗಿದ್ದೆವು. ನನಗಿಂತ ಎರಡು ವರ್ಷ ದೊಡ್ಡವಳು. ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ, ಹೊಲಿದು ಬಂದ ಪ್ಯಾಂಟುಗಳ ತಪ್ಪು ಹುಡುಕುವ ವಿಭಾಗಕ್ಕೆ ಅವಳೇ ಹಿರಿಯಳು. ನಾನು ಖಾಸಗಿ ಶಾಲೆಯಲ್ಲಿ ಮಕ್ಕಳ ತಪ್ಪು ಹುಡುಕುತ್ತಿದ್ದೆ. ಮದುವೆ ಬೇಡ ಅಂದವಳು ನಾನು. ಕೂಡಿ ಬರದೇ ಹೋದವಳು ಅವಳು. ಅವಳು ನನ್ನನ್ನು ಟೀಚರಮ್ಮ ಅಂತ ಕರೆಯುತ್ತಿದ್ದಳು, ಸಿಟ್ಟು ಬಂದಾಗ ಮಾತ್ರ ಲೇ ಅನ್ನುತ್ತಿದ್ದಳು.

ಅದು ನಮ್ಮ ಊರಿನಲ್ಲಿ ಮಣ್ಣೇ ದುಡ್ಡಾಗಿದ್ದ ಕಾಲ. ಅದಿರಿನ ಲಾರಿಗಳು ಹಾದು ಹೋದ ದಾರಿಯೆಲ್ಲ ಕೆಂಪು, ದಾರಿ ಬದಿಯ ಬೇವಿನ ಮರವೂ ಕೆಂಪು. ಬೆಳಿಗ್ಗೆ ಬಿಳಿ ಸೀರೆ ಒಣಹಾಕಿದರೆ ಸಂಜೆಗೆ ಅದು ಕಾವಿ ಬಟ್ಟೆ. ನನ್ನ ತರಗತಿಯಲ್ಲಿ ಕಿಲೋಗ್ರಾಮಿನ ಲೆಕ್ಕ ತಪ್ಪು ಮಾಡುವ ಹುಡುಗಿಯರು ಟನ್ನಿನ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಹೆಸರು ಹೇಳಲೂ ನಾಲಿಗೆ ಹೊರಳದಂಥ ಕಾರುಗಳು ಊರಿಗೆ ಬಂದಿದ್ದವು. ಅಂಥ ಊರಿನಲ್ಲಿ ನಾವಿಬ್ಬರು ಅರ್ಧರ್ಧ ಹಾಕಿ ಒಂದು ಬ್ಯಾಟರಿ ಗಾಡಿ ತಂದೆವು. ಪರಿಸರದ ಕಾಳಜಿ ಅಂತ ಶಾಲೆಯಲ್ಲಿ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಗಾಡಿ ಓಡಿಸುತ್ತಾ ನೆಲದ ಮೇಲೆ ಎಂಟು ಬರೆಯಬೇಕಲ್ಲ, ಅದರಲ್ಲಿ ನಾನು ಮೂರು ಸಲ ನಪಾಸಾಗಿದ್ದೆ. ಈ ಗಾಡಿಗೆ ಎಂಟು ಬೇಕಿರಲಿಲ್ಲ.

ಗಂಟೆಗೆ ಇಪ್ಪತ್ತೈದರ ಮೇಲೆ ಅದು ಓಡುತ್ತಿರಲಿಲ್ಲ. ಇಬ್ಬರು ಕೂತರೆ ಇಪ್ಪತ್ತು. ರೈಲ್ವೆ ಮೇಲ್ಸೇತುವೆಯ ಏರು ಬಂದರೆ ಹಿಂದೆ ಕೂತ ಆಪಾ ಇಳಿದು ಪಕ್ಕದಲ್ಲೇ ನಡೆದು ಬರುತ್ತಿದ್ದಳು. ಒಮ್ಮೊಮ್ಮೆ ನನಗಿಂತ ಮೊದಲೇ ಮೇಲೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು ಕಾಯುವಳು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ ಕೊನೆಗೆ ನಗುತ್ತಿದ್ದ. ನಗಲಿ ಬಿಡು, ಅವನ ಜನ್ಮಕ್ಕೂ ಒಂದು ಮಜ ಬೇಕಲ್ಲ ಅನ್ನುವಳು ಆಪಾ.

ಮೊದಲ ತಿಂಗಳಲ್ಲೇ ಎಪ್ಪತ್ತರ ಬಣ್ಣ ಬಯಲಾಯಿತು. ಮೂವತ್ತು ದಾಟುವಷ್ಟರಲ್ಲಿ ಚಾರ್ಜ್ ತೋರಿಸುವ ಮುಳ್ಳು ಕೆಳಗೆ ಬಿದ್ದು, ಗಾಡಿ ಮುಲುಕಿ ನಿಂತಿತು. ಅಂಗಡಿಗೆ ಹೋಗಿ ಜಗಳ ತೆಗೆದೆ. ಇಬ್ಬರು ಕೂತರೆ ಅಷ್ಟೇ ಮೇಡಂ, ಕಂಪನಿಯವರು ಒಬ್ಬನನ್ನು ಕೂಡಿಸಿ, ಸಪಾಟು ನೆಲದಲ್ಲಿ, ಗಾಳಿಯಿಲ್ಲದಾಗ ಓಡಿಸಿ ನೋಡಿರುತ್ತಾರೆ ಅಂದ. ಅದನ್ನು ಮೊದಲೇ ಹೇಳಲು ಅವನಿಗೆ ಏನು ಧಾಡಿಯಾಗಿತ್ತೋ.

ಅವತ್ತಿನಿಂದ ನನ್ನ ಹಟ ಶುರುವಾಯಿತು. ತಿಂಗಳಿಗೆ ಒಂದು ಭಾನುವಾರ, ರಾತ್ರಿಯೆಲ್ಲ ಚಾರ್ಜ್ ಮಾಡಿ, ಕಂಟೋನ್ಮೆಂಟಿನ ಅಗಲವಾದ ನೇರ ಬೀದಿಗಳಲ್ಲಿ ಗಾಡಿ ತಾನಾಗಿ ನಿಲ್ಲುವ ತನಕ ಸುತ್ತು ಹಾಕುವುದು. ಎಷ್ಟು ಕಿಲೋಮೀಟರು ಬಂತೋ ಅದನ್ನು ಮನೆಗೆ ಬಂದು ಪ್ಲಗ್ಗಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಮೂವತ್ತಮೂರು. ಮೂವತ್ತಮೂರು. ಮೇ ತಿಂಗಳಲ್ಲಿ ಮೂವತ್ತೊಂದು. ಎದುರು ಗಾಳಿಯಿದ್ದ ಆಷಾಢದಲ್ಲಿ ಇಪ್ಪತ್ತೊಂಬತ್ತು. ಆಪಾಗೆ ಅಂಕಿಗಳ ಮೇಲೆ ಆಸಕ್ತಿಯಿಲ್ಲ. ಆದರೂ ಪ್ರತಿ ಸಲ ಹಿಂದೆ ಕೂತು ಬರುತ್ತಿದ್ದಳು. ಮಡಿಲಲ್ಲಿ ಒಗ್ಗರಣೆ ಮಂಡಕ್ಕಿಯ ಪೊಟ್ಟಣ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ. ಗಾಡಿ ನಿಂತ ಕಡೆ ಇಳಿದು ಇಬ್ಬರೂ ತಳ್ಳಿಕೊಂಡು ಮನೆಗೆ ಬರುತ್ತಿದ್ದೆವು. ಒಂದು ದಿನ ತಳ್ಳುತ್ತಾ ಅಂದಳು: "ಆ ಕಂಪನಿಯವ್ರು ಯಾರನ್ನ ಕೂಡ್ಸಿ ಎಪ್ಪತ್ತು ಹೊಡ್ಸಿದ್ರೋ, ಪಾಪ, ಅವನಿಗೆ ಹಿಂದ ಕೂಡಾಕ ಯಾರೂ ಇದ್ದಿಲ್ಲ ಅನಸ್ತೈತಿ ಟೀಚರಮ್ಮಾ."

ಏಳು ತಿಂಗಳು ಹೀಗೆ ಕಳೆಯಿತು. ಎಂಟನೇ ತಿಂಗಳಲ್ಲಿ ಆಪಾ ತನ್ನ ಮದುವೆಯ ಸುದ್ದಿ ಹೇಳಿದಳು.

ಸಿರುಗುಪ್ಪದವನು. ಅಕ್ಕಿ ಅಂಗಡಿ ಇಟ್ಟವನು. ಹೆಂಡತಿ ತೀರಿಹೋಗಿ ಮೂರು ವರ್ಷ, ಇಬ್ಬರು ಹೆಣ್ಣುಮಕ್ಕಳು. ಅಣ್ಣನ ಮನೆಯವರು ತಂದ ಸಂಬಂಧ. ಅವಳಿಗೆ ಆಗ ನಲವತ್ತೊಂದು. ಅಕ್ಕಿ ಆರಿಸುತ್ತಾ, ಮೊರದಿಂದ ಕಣ್ಣು ಎತ್ತದೆ ಹೇಳಿದಳು. ಒಳ್ಳೆಯ ಮನುಷ್ಯನ ಹಾಗೆ ಕಾಣ್ತಾನೆ, ಮಾತು ಕಡಿಮೆ, ಹುಡುಗಿಯರು ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ ಅಂದಳು. ನಾನು ಖುಷಿಪಡಬೇಕಿತ್ತು. ಖುಷಿಯ ಒಂದು ಮಾತಾದರೂ ಆಡಬೇಕಿತ್ತು. ಒಂಬತ್ತು ವರ್ಷ ನನ್ನ ತಲೆನೋವಿಗೆ ಬಾಮು ತಿಕ್ಕಿದವಳು, ನನ್ನ ತಾಯಿ ಸತ್ತಾಗ ನನ್ನ ಬದಲು ತಾನು ಅತ್ತವಳು. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಗಾಡ್ಯಾಗ ನಾಲ್ಕು ಬ್ಯಾಟರಿ ಅದಾವು. ಎರಡು ನಿನ್ನವು. ಬಿಚ್ಚಿಸಿಕೊಂಡು ಹೋಗು."

ತಮಾಷೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಅದು ತಮಾಷೆಯಾಗಿರಲಿಲ್ಲ, ಅವಳಿಗೂ ಗೊತ್ತಾಯಿತು. ಮೊರ ಕೆಳಗಿಟ್ಟು ಎದ್ದು ಹೋಗಿ ಅಂಗಳದ ನಲ್ಲಿ ತಿರುಗಿಸಿದಳು. ತುಂಬಿದ ಕೊಡವನ್ನೇ ಮತ್ತೆ ತುಂಬಿಸುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಮದುವೆ ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದ ಒಂದು ಶಾದಿಮಹಲಿನಲ್ಲಿ ಆಯಿತು. ಹೋದೆ. ಹೊಸ ಸೀರೆ ಉಟ್ಟೇ ಹೋದೆ. ಊಟಕ್ಕೆ ಎಲ್ಲರೂ ಏಳುವ ಹೊತ್ತಿಗೆ ಗಾಡಿಯಲ್ಲಿ ಚಾರ್ಜ್ ಕಡಿಮೆಯಿದೆ, ಕತ್ತಲಾದರೆ ಕಷ್ಟ ಅಂತ ಹೇಳಿ ಎದ್ದು ಬಂದುಬಿಟ್ಟೆ. ಹೊರಗೆ ಮಟಮಟ ಮಧ್ಯಾಹ್ನ. ಆಪಾ ಮುಸುಕಿನ ಒಳಗಿಂದ ತಲೆಯಾಡಿಸಿದಳು. ಬ್ಯಾಟರಿಯ ಹೆಸರಿನಲ್ಲಿ ನಾನು ಹೇಳಿದ ಮೊದಲನೆಯ ಸುಳ್ಳು ಅದು.

ಅವಳು ಹೋದ ಮೇಲಿನ ಮೊದಲ ಪರೀಕ್ಷೆಯ ಭಾನುವಾರ ಒಬ್ಬಳೇ ಹೊರಟೆ. ಮೂವತ್ತಮೂರರ ಹತ್ತಿರ ಬಂದಾಗ ಅಭ್ಯಾಸದಂತೆ ಮನೆಯ ಕಡೆ ತಿರುಗಿದೆ. ಗಾಡಿ ನಿಲ್ಲಲಿಲ್ಲ. ಮೂವತ್ತೈದು ಆಯಿತು. ನಲವತ್ತಾಯಿತು. ಮತ್ತೆ ಮತ್ತೆ ಅದೇ ಚರ್ಚಿನ ಗೋಡೆ, ಅದೇ ಹುಣಸೆಮರ, ಅದೇ ಮುಚ್ಚಿದ ಬಂಗಲೆಯ ಗೇಟು. ಬೇಗ ನಿಲ್ಲಬಾರದಾ ಅಂತ ಬೈದುಕೊಂಡೆ. ಹಗುರಾದ ಗಾಡಿ ಖುಷಿಯಾಗಿ ಓಡುತ್ತಿತ್ತು. ನಲವತ್ತೊಂಬತ್ತಕ್ಕೆ ನಿಂತಿತು. ತಳ್ಳಿಕೊಂಡು ಬಂದು ಗೋಡೆಯ ಮೇಲೆ ನಲವತ್ತೊಂಬತ್ತು ಅಂತ ಬರೆದು, ಆ ಗೋಡೆಗೇ ಬೆನ್ನು ಕೊಟ್ಟು ಕೂತೆ. ಒಬ್ಬಳು ಇಳಿದು ಹೋದರೆ ಹದಿನಾರು ಕಿಲೋಮೀಟರು ಲಾಭ. ಜೀವನದಲ್ಲಿ ಇಷ್ಟು ಬೇಡವಾದ ಲಾಭ ನನಗೆ ಮತ್ತೆ ಬಂದಿಲ್ಲ.

ಅವತ್ತು ಸಂಜೆ ಅವಳ ಫೋನು ಬಂತು. ಬ್ಯಾಟರಿ ಬಿಚ್ಚಿಸುವ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. "ಎಷ್ಟು ಬಂತು ಟೀಚರಮ್ಮಾ?" ಅಂದಳು. ಹೇಳಿದೆ. ಅಷ್ಟು ಬಂತಾ, ಹಾಗಾದರೆ ಇಲ್ಲಿಗೇ ಬಂದುಬಿಡು ಅಂದಳು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತೈದು. ಆರು ಕಿಲೋಮೀಟರು ಕಡಿಮೆ ಬೀಳುತ್ತದಲ್ಲ ಆಪಾ ಅಂದೆ. ಆ ಆರಕ್ಕೆ ನಾನೇ ಎದುರು ಬಂದು ನಿಲ್ಲುತ್ತೇನೆ, ನೂಕಿಕೊಂಡು ಹೋಗೋಣ ಅಂದಳು. ನೋಡೋಣ, ಸ್ವಲ್ಪ ತಂಪಾಗಲಿ ಅಂದೆ.

ತಂಪಾಯಿತು. ನಾನು ಹೋಗಲಿಲ್ಲ. ಹೋದರೆ ಏನೇನು ನೋಡಬೇಕು ಅನ್ನುವುದು ನನಗೆ ಗೊತ್ತಿತ್ತು. ಅವಳ ಅಡುಗೆಮನೆ, ಅವಳನ್ನು ಅಮ್ಮೀ ಅಂತ ಕರೆಯುವ ಹುಡುಗಿಯರು, ನಾನು ಯಾರು ಅಂತ ಯೋಚಿಸುತ್ತಾ ಚಹಾ ತಂದಿಡುವ ಒಬ್ಬ ಸಭ್ಯ ಗಂಡಸು. ಅಲ್ಲಿ ನಾನು ಒಂದು ಕುರ್ಚಿಯಲ್ಲಿ ಕೂತಿರುತ್ತೇನೆ, ಅಷ್ಟೆ. ಇಲ್ಲಾದರೆ ಕೊನೇ ಪಕ್ಷ ಎರಡೂ ಕೋಣೆ ನನ್ನವೇ. ಭಾನುವಾರ ಮಾಡಿದ ಉಪ್ಪಿಟ್ಟನ್ನು ಬಾಣಲೆಯಿಂದಲೇ ತಿನ್ನುತ್ತಿದ್ದೆ. ಇನ್ನೊಂದು ಕೋಣೆಯ ದೀಪವನ್ನು ಸುಮ್ಮನೆ ಹಚ್ಚಿಡುತ್ತಿದ್ದೆ. ಮನೆ ಮಾಲೀಕಳು ಒಬ್ಬರಿಗೆ ಇಷ್ಟು ಕರೆಂಟ್ ಯಾಕೆ ಬೇಕು ಅಂತ ಕೇಳಿದಾಗ ಗಾಡಿ ಚಾರ್ಜಿಗೆ ಇಟ್ಟಿದ್ದೀನಿ ಅಂದೆ.

ತಿಂಗಳು ತಿಂಗಳೂ ಪರೀಕ್ಷೆ ಮಾತ್ರ ತಪ್ಪಲಿಲ್ಲ. ಈಗ ಅದಕ್ಕೆ ಬೇರೆ ಕಾರಣವಿತ್ತು. ಅಂಕಿ ಬಂದರೆ ಫೋನು ಬರುತ್ತಿತ್ತು. ನಲವತ್ತೇಳು. ನಲವತ್ತೈದು. ನಲವತ್ತೊಂದು. ಪ್ರತಿ ಸಲವೂ ಎಷ್ಟು ಬಂತು ಅಂತ ಅವಳು, ಇಷ್ಟು ಬಂತು ಅಂತ ನಾನು, ಹಾಗಾದರೆ ಇನ್ನೂ ದೂರ ಆಯಿತಲ್ಲ ಅಂತ ಅವಳು. ಆರು ಇದ್ದದ್ದು ಎಂಟಾಯಿತು, ಹತ್ತಾಯಿತು, ಹದಿನಾಲ್ಕಾಯಿತು. ಸಿರುಗುಪ್ಪ ಇದ್ದಲ್ಲೇ ಇತ್ತು. ನಾನು ನಿಂತುಬಿಡುವ ಜಾಗ ಮಾತ್ರ ತಿಂಗಳಿಗಿಷ್ಟು ಬಳ್ಳಾರಿಯ ಕಡೆ ಸರಿಯುತ್ತಿತ್ತು.

ಮೂವತ್ತಾರಕ್ಕೆ ಇಳಿದಾಗ ಗಾಡಿಯನ್ನು ಬ್ಯಾಟರಿ ರಿಪೇರಿಯವರ ಹತ್ತಿರ ತಗೊಂಡು ಹೋದೆ. ವಯಸ್ಸಾದ ಸಾಹೇಬರು, ಲಾರಿಗಳ ಬ್ಯಾಟರಿ ಮಾಡಿ ಮಾಡಿ ಆಸಿಡ್ಡಿಗೆ ಕೈ ಸುಟ್ಟುಕೊಂಡವರು. ಸೀಟು ಎತ್ತಿ ನೋಡಿ, ಇದನ್ನು ಹೇಗೆ ಓಡಿಸುತ್ತೀರಿ ಅಂತ ವಿಚಾರಿಸಿದರು. ನಾನು ಹೆಮ್ಮೆಯಿಂದ ನನ್ನ ಪರೀಕ್ಷೆಯ ಕ್ರಮ ವಿವರಿಸಿದೆ, ಗೋಡೆಯ ಅಂಕಿಗಳ ಕಥೆಯನ್ನೂ ಹೇಳಿದೆ. ಅವರು ಕೈ ಒರೆಸಿಕೊಂಡರು.

"ಇದು ಸೀಸದ ಬ್ಯಾಟರಿರೀ ಟೀಚರ್. ಪೂರಾ ಖಾಲಿ ಮಾಡಿದ್ರ ಸಾಯ್ತೈತಿ. ಎಷ್ಟು ಬರತೈತಿ, ಎಷ್ಟು ಬರತೈತಿ ಅಂತ ನೋಡಿ ನೋಡೇ ಹಾಳ್ ಮಾಡೀರಿ ನೀವು."

ಆ ಮಾತನ್ನು ನಾನು ಗಾಡಿಯ ಬಗ್ಗೆ ಮಾತ್ರ ಕೇಳಿಸಿಕೊಂಡೆ. ಮನೆಗೆ ಬಂದು ಒಂದು ವಾರ ಕಂಪನಿಯವರನ್ನು ಬೈದೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಮಾಡಿದೆ. ಮಾಡದಿದ್ದರೆ ಫೋನಿನಲ್ಲಿ ಏನು ಮಾತಾಡುವುದು?

ಅವಳು ಹೋದ ಹದಿನಾಲ್ಕನೇ ತಿಂಗಳು ಮೂವತ್ತೊಂದು ಬಂತು. ಸಂಜೆ ಫೋನೂ ಬಂತು. ಆಪಾ ಅವಸರದಲ್ಲಿದ್ದಳು. ನಮ್ಮ ತಾಲೂಕಿನ ಕರೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಲು ಕರೆದಿದ್ದಾರೆ, ಹೋಗುವುದಕ್ಕೆ ಬಸ್ಸು ಸಿಗುತ್ತದೆ, ತಿರುಗಿ ಬರುವ ಬಸ್ಸು ಬಹಳ ತಡ, ಅಷ್ಟರಲ್ಲಿ ಹುಡುಗಿಯರು ಶಾಲೆಯಿಂದ ಬಂದು ಬಾಗಿಲಲ್ಲಿ ಕೂತಿರುತ್ತಾರೆ, ಮನೆಯವರು ಯೋಚನೆ ಮಾಡ್ತಿದ್ದಾರೆ, ನಾಳೆ ಹೇಳಬೇಕು ಅಂತ ಗಡಿಬಿಡಿಯಲ್ಲಿ ಹೇಳಿ, ಮಕ್ಕಳು ಕರೀತಾವೆ ಅಂತ ಇಟ್ಟುಬಿಟ್ಟಳು. ನಾನು ಫೋನನ್ನು ಕೈಯಲ್ಲೇ ಹಿಡಿದು ಕೂತೆ. ಎಷ್ಟು ಬಂತು ಅಂತ ಅವಳು ಕೇಳಿರಲಿಲ್ಲ.

ನಾನು ನಿಜವಾಗಿ ಹೆದರಿದ್ದು ಆಗಲೇ. ಕೇಳುವುದನ್ನು ಒಮ್ಮೆ ಬಿಟ್ಟವರು ಮುಂದಿನ ಸಲ ಫೋನು ಮಾಡುವುದನ್ನೂ ಬಿಡಬಹುದು. ಆಮೇಲೆ ನನಗೆ ಯಾರಿದ್ದಾರೆ? ಶಾಲೆಯ ಸ್ಟಾಫ್ ರೂಮಿನ ನಾಲ್ಕು ನಮಸ್ಕಾರ, ಮನೆ ಮಾಲೀಕಳ ಕರೆಂಟಿನ ಮಾತು. ಅಷ್ಟೇ. ಮರುದಿನ ನಾನೇ ಫೋನು ಮಾಡಿ, ಕರೂರಿನವರಿಗೆ ಆಗಲಿ ಅಂತ ಹೇಳು, ಬರುವ ಭಾನುವಾರ ಗಾಡಿ ತಂದು ಕೊಡುತ್ತೇನೆ ಅಂದೆ. ಹುಡುಗಿಯರ ಸೈಕಲ್ಲಿನಲ್ಲೇ ಅವಳು ಸಮತೋಲನ ಕಲಿತಿದ್ದಳಂತೆ. ಕ್ಲಾಸ್ ನಡೆಯುವ ಹೊತ್ತಿನಲ್ಲಿ ಕರೂರಿನಲ್ಲೇ ಚಾರ್ಜಿಗೆ ಹಾಕಿದರೆ ಹೋಗಿಬರಲು ಸಾಕಾಗುತ್ತದೆ ಅಂತ ಲೆಕ್ಕ ಹೇಳಿದೆ. ಆಪಾ ಹೂಂ ಅಂದಳು.

ಮೂವತ್ತೊಂದರ ಗಾಡಿಯನ್ನು ಸಿರುಗುಪ್ಪ ಮುಟ್ಟಿಸುವುದು ಹೇಗೆ? ಕುರುಗೋಡಿನ ಮೇಲೆ ಹೋಗುವುದು ಅಂತ ತೀರ್ಮಾನಿಸಿದೆ. ಸುತ್ತು ದಾರಿ, ಆದರೆ ಕುರುಗೋಡು ಇಪ್ಪತ್ತೆಂಟಕ್ಕೆ ಸಿಗುತ್ತದೆ. ಅಲ್ಲಿ ಯಾರನ್ನಾದರೂ ಕೇಳಿ ಚಾರ್ಜ್ ಮಾಡಿಕೊಂಡು ಮುಂದಕ್ಕೆ ಹೋಗಬೇಕು. ಡಿಸೆಂಬರಿನ ಬೆಳಿಗ್ಗೆ ಆರಕ್ಕೆ ಹೊರಟೆ. ಕೋಟೆ ಗುಡ್ಡ ಹಿಂದಾಯಿತು, ಊರಿನ ಕೆಂಪು ದೂಳು ಹಿಂದಾಯಿತು. ಎರಡೂ ಕಡೆ ಮೆಣಸಿನಕಾಯಿ, ಹತ್ತಿ. ನನ್ನನ್ನು ದಾಟಿ ಹೋಗದ ವಾಹನವೇ ಇರಲಿಲ್ಲ. ಎತ್ತಿನ ಬಂಡಿಯೊಂದು ಮಾತ್ರ ಹಿಂದೆ ಬಿತ್ತು, ಅದೂ ಬಂಡಿಯವನು ಬೀಡಿ ಹಚ್ಚಲು ನಿಲ್ಲಿಸಿದ್ದಕ್ಕೆ. ಏಳೂಕಾಲಿನ ಹೊತ್ತಿಗೆ ಕುರುಗೋಡಿನ ಕಲ್ಲುಗುಡ್ಡಗಳು ಕಂಡವು.

ದಾರಿಯಲ್ಲಿ ನೀರು ಕೇಳುವುದು ಸುಲಭ. ಕರೆಂಟ್ ಕೇಳುವುದು ಹೇಗೆ ಅಂತ ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಮನೆಗಳ ಮುಂದೆ ನಿಂತು, ಬಾಯಿ ಬಾರದೆ ಮುಂದೆ ಹೋದೆ. ಕೊನೆಗೆ ಒಂದು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿದೆ. ಗಿರಣಿ ನಡೆಸುವವಳು ನನ್ನ ವಯಸ್ಸಿನ ಹೆಂಗಸು, ರೆಪ್ಪೆಯ ಮೇಲೂ ಹಿಟ್ಟು. ನಾನು ಎರಡು ಸಲ ಹೇಳಿದ ಮೇಲೆ ಅರ್ಥವಾಗಿ, ಇಷ್ಟೇ ಏನು ಅಂತ ಪ್ಲಗ್ಗು ತೋರಿಸಿದಳು. ಚಾರ್ಜರಿನ ಕೆಂಪು ದೀಪ ಹತ್ತಿತು. ಅರ್ಧ ಗಂಟೆಗೆ ಕರೆಂಟೇ ಹೋಯಿತು. ಮತ್ತೆ ಬಂದದ್ದು ಹತ್ತು ಗಂಟೆಗೆ. ಅವಳು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಸಂಕೋಚವಿಲ್ಲದೆ ತಿಂದೆ.

"ಸಿರುಗುಪ್ಪದಾಗ ಯಾರದಾರವ್ವಾ?" ಅಂದಳು.

ಗೆಳತಿ ಅನ್ನಲೇ? ಆ ಪದ ನಾವು ಒಂದು ದಿನವೂ ಬಳಸಿರಲಿಲ್ಲ. ಅಕ್ಕ ಅಂದೆ. ಅಕ್ಕನ ಮನೆಗೆ ಹೋಗಾಕ ಇಷ್ಟು ಒದ್ದಾಟ ಯಾಕ, ಬಸ್ಸಿಗೆ ಹೋಗಬಹುದಿತ್ತಲ್ಲ ಅಂದಳು. ಗಾಡಿ ಕೊಡಬೇಕಾಗಿದೆ, ಅದಕ್ಕೆ ಅಂದೆ. ಅವಳು ಸರಿ ಅಂತ ಜೋಳದ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಎರಡೂವರೆಗೆ ಮತ್ತೆ ಕರೆಂಟ್ ಹೋದಾಗ ದೀಪ ಇನ್ನೂ ಹಸಿರಾಗಿರಲಿಲ್ಲ. ಕಾಯುವ ತಾಳ್ಮೆ ಮುಗಿದಿತ್ತು. ಹೊರಟೆ.

ಕಾಲುವೆ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಎಲ್ಲಿ ನೋಡಿದರೂ ಕೊಯ್ದ ಭತ್ತದ ಗದ್ದೆ. ಭತ್ತ ಒಣಗಿಸಲು ಜಾಗ ಸಾಲದೆ ರಸ್ತೆಯ ಒಂದು ಅರ್ಧಕ್ಕೆ ಹರವಿದ್ದರು. ಉಳಿದ ಅರ್ಧದಲ್ಲಿ ಎದುರು ಬರುವವರಿಗೆ ದಾರಿ ಬಿಡುತ್ತಾ, ನಿಂತು ಹೊರಟು, ನಿಂತು ಹೊರಟು ಹೋಗಬೇಕು. ಪ್ರತಿ ಸಲ ನಿಂತು ಹೊರಡುವಾಗಲೂ ಮುಳ್ಳು ಒಂದಿಷ್ಟು ಬೀಳುತ್ತದೆ. ಊರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ಒಂದು ಅಕ್ಕಿ ಗಿರಣಿಯ ಕಾಂಪೌಂಡಿನ ಪಕ್ಕ ಗಾಡಿ ನಿಂತಿತು.

ಸೀಸದ ಬ್ಯಾಟರಿಗೆ ಒಂದು ಗುಣವಿದೆ. ಸತ್ತಹಾಗೆ ನಿಂತದ್ದು ಒಂದು ಕಾಲು ಗಂಟೆ ಸುಮ್ಮನೆ ಬಿಟ್ಟರೆ ಚೇತರಿಸಿಕೊಂಡು ಒಂದು ಕಿಲೋಮೀಟರು ಎಳೆಯುತ್ತದೆ. ಮತ್ತೆ ನಿಲ್ಲುತ್ತದೆ, ಮತ್ತೆ ಕಾಲು ಗಂಟೆ. ಹಾಗೆ ಕಾಯುತ್ತಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೆ. ಬಿಸಿಲು ಇಳಿದಿತ್ತು. ಬಳ್ಳಾರಿಯ ಕಡೆಯಿಂದ ಒಂದು ಬಸ್ಸು ಬಂದು ಸಿರುಗುಪ್ಪಕ್ಕೆ ಹೋಯಿತು. ಕಿಟಕಿಯಲ್ಲಿ ಒಬ್ಬಳು ಮುದುಕಿ ಕಿತ್ತಳೆ ಸುಲಿಯುತ್ತಿದ್ದಳು. ಮುಂದಿನ ಕಿಲೋಮೀಟರಿನಲ್ಲಿ ಕೂತಾಗ ಇನ್ನೊಂದು ಬಸ್ಸು ಹೋಯಿತು. ಮೂರನೆಯದು ನನ್ನನ್ನು ನೋಡಿ ನಿಧಾನ ಮಾಡಿತು. ಬರ್ತೀರೇನ್ರಿ, ಗಾಡಿನ ಮ್ಯಾಲ ಹಾಕೂಣು ಅಂತ ಕಂಡಕ್ಟರು ಬಾಗಿಲಿಂದ ಕೇಳಿದ. ಬೇಡ ಅಂತ ಕೈಯಾಡಿಸಿದೆ. ಅದು ಹೊರಟುಹೋದ ಮೇಲೆ ನನಗೆ ಅಳು ಬಂತು. ಕಾಲು ನೋವಿಗೆ ಅಂದುಕೊಂಡೆ, ಆದರೆ ಕಾಲು ಅಷ್ಟು ನೋಯುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಾಡಿ ತಳ್ಳಿಕೊಂಡು ಅವಳ ಮನೆ ಮುಟ್ಟಿದೆ. ಆಪಾ ಬಾಗಿಲಲ್ಲಿ ಇದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಹುಡುಗಿಯರಿಬ್ಬರೂ ಗಾಡಿಯನ್ನು ಸುತ್ತುವರಿದರು. ಅವಳ ಗಂಡ ನಾನು ಅಂದುಕೊಂಡಿದ್ದ ಹಾಗೆಯೇ ಸಭ್ಯ ಮನುಷ್ಯ. ಚಹಾ ತಂದಿಟ್ಟು, ನಾನು ಯಾರು ಅಂತ ಯೋಚಿಸದೆ, ನಿಮ್ಮ ಮಾತು ಬರದ ದಿನ ಈ ಮನೆಯಲ್ಲಿ ಇಲ್ಲ ಟೀಚರ್ ಅಂತ ಹೇಳಿ ಅಂಗಡಿಗೆ ಹೋದ. ನನ್ನ ಅಂದಾಜಿನಲ್ಲಿ ಅದೊಂದು ತಪ್ಪಾಗಿತ್ತು.

ಅಕ್ಕಿ ಮೂಟೆಗಳ ಹಿಂದೆ ಪ್ಲಗ್ಗಿತ್ತು. ಆಪಾ ಚಾರ್ಜರಿನ ವೈರನ್ನು ಬಿಡಿಸುತ್ತಾ ಇದ್ದಳು. ನಾನು ಲೆಕ್ಕ ಒಪ್ಪಿಸಲು ಶುರು ಮಾಡಿದೆ. ಎಲ್ಲಿ ಎಷ್ಟು ಬಂತು, ಎಷ್ಟು ಗಂಟೆ ಚಾರ್ಜ್ ಮಾಡಬೇಕು, ಪೂರ್ತಿ ಖಾಲಿಯಾಗಲು ಬಿಡಬಾರದು, ಎಪ್ಪತ್ತನ್ನು ನಂಬಬೇಡ, ಇಪ್ಪತ್ತೈದಕ್ಕೆ ಮನೆ ಸೇರಬೇಕು. ಅವಳು ವೈರನ್ನು ಕೈಯಲ್ಲೇ ಹಿಡಿದು ನಿಂತಳು.

"ಇಷ್ಟು ದಿನಾ ಬ್ಯಾಟರಿ ಸಾಲಂಗಿಲ್ಲ ಅಂದಿ. ಬಸ್ಸು ಅದಾವಲ್ಲ ಅಂತ ನಾನು ಒಮ್ಮೆನೂ ಅನ್ಲಿಲ್ಲ. ನೀನಾಗೇ ಅಂತೀಯೇನೋ ಅಂತ ಕಾದೆ. ಇವತ್ತೂ ನೀ ಗಾಡಿ ಕೊಡಾಕ ಬಂದೀಯಲೇ, ನನ್ನ ನೋಡಾಕ ಬಂದಿಲ್ಲ."

ಹುಡುಗಿಯರು ಅಂಗಳದಲ್ಲಿ ಗಾಡಿಯ ಹಾರ್ನ್ ಒತ್ತುತ್ತಿದ್ದರು. ನಾನು ಮೂಟೆಯ ಮೇಲೆ ಕೂತೆ. ಯಾವ ಅಂಕಿಯೂ ನೆನಪಿಗೆ ಬರಲಿಲ್ಲ. ಬಂದದ್ದು ಒಂದೇ.

"ನೀನಿಲ್ದ ಗಾಡಿ ಹದಿನಾರು ಕಿಲೋಮೀಟರು ಜಾಸ್ತಿ ಹೋಗತಿತ್ತು ಆಪಾ. ಅದು ನನಗ ಸಹಿಸಾಕ ಆಗ್ಲಿಲ್ಲ. ನೀನು ಖುಷಿಯಾಗಿರೋದನ್ನೂ ನೋಡಾಕ ಆಗತಿದ್ದಿಲ್ಲ. ಅವತ್ತು ಬ್ಯಾಟರಿ ಬಿಚ್ಚಿಸಿಕೊಂಡು ಹೋಗು ಅಂದೆನಲ್ಲ, ಅದು ತಪ್ಪಾತು."

ಆಪಾ ಬಗ್ಗಿ ಪ್ಲಗ್ಗು ಹಾಕಿ, ಕೆಂಪು ದೀಪ ಹತ್ತಿದ್ದನ್ನು ನೋಡಿ, ಊಟಕ್ಕೆ ಏಳು ಅಂದಳು. ಉಂಡೆವು. ಹುಡುಗಿಯರು ನನ್ನ ಆಚೆ ಈಚೆ ಮಲಗಿ ಹದಿನೇಳರ ಮಗ್ಗಿ ಕೇಳಿಸಿಕೊಂಡರು. ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ, ಆ ಮಾತು ಕೇಳುವ ಧೈರ್ಯ ನನಗೂ ಬರಲಿಲ್ಲ.

ಬೆಳಿಗ್ಗೆ ಅವಳೇ ಗಾಡಿ ಓಡಿಸಿಕೊಂಡು ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟಳು. ನಾನು ಹಿಂದೆ ಕೂತೆ. ಬಳ್ಳಾರಿಯ ಬಸ್ಸು ನಿಂತಿತ್ತು, ಅದರ ಹಿಂದೆ ಇನ್ನೊಂದು ಹೊರಡಲು ಕಾದಿತ್ತು. ಮತ್ತೆ ಯಾವಾಗ ಅಂತ ಕೇಳಿದಳು. ಬಾಯಿಗೆ ಮೊದಲು ಬಂದದ್ದು ಬ್ಯಾಟರಿಯ ಮಾತೇ. ನುಂಗಿಕೊಂಡೆ. ಬರುವ ಭಾನುವಾರ, ಬಸ್ಸಿಗೆ ಬರುತ್ತೇನೆ ಅಂದೆ.

"ನೋಡೂನು," ಅಂದಳು.

ಬಸ್ಸು ಹೊರಡುವ ತನಕ ಅವಳು ನಿಲ್ಲಲಿಲ್ಲ. ಹತ್ತು ಗಂಟೆಗೆ ಕರೂರಿನಲ್ಲಿ ಹೆಂಗಸರು ಕಾಯುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತು, ತಿರುವಿನಲ್ಲಿ ಅವಳ ಬೆನ್ನು ಮರೆಯಾಗುವುದನ್ನು ನೋಡಿದೆ. ಬಸ್ಸು ಯಾರು ಎಲ್ಲಿ ಕೈ ಮಾಡಿದರೂ ನಿಂತು, ಜನರನ್ನು ಹತ್ತಿಸಿಕೊಂಡು, ಇಳಿಸಿ, ಒಂದೂಮುಕ್ಕಾಲು ಗಂಟೆಗೆ ಬಳ್ಳಾರಿ ಸೇರಿತು. ಹದಿನಾಲ್ಕು ತಿಂಗಳೂ ಅವಳು ನನ್ನಿಂದ ಇದ್ದದ್ದು ಅಷ್ಟೇ ದೂರ.